‘ಬಾಗಿಲಿಗೆ ಬೀಗ’ ಎಂದು ಬರೆಯದ ಅಮೀನಕ್ಕ

ಬೆಳಗಿನ ಐದು ಗಂಟೆ ಇಪ್ಪತ್ತು ನಿಮಿಷ. ಬೀದಿದೀಪಗಳು ಇನ್ನೂ ಆರಿಲ್ಲ. ನಾಲ್ಕು ಅಂತಸ್ತಿನ ಹಳದಿ ಕಟ್ಟಡವೊಂದರ ಎದುರು, ಮುಚ್ಚಿದ ಔಷಧದಂಗಡಿಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕುಳಿತಿದ್ದಾರೆ. ವಯಸ್ಸು ಐವತ್ತೇಳು. ತಲೆಗೆ ಮಫ್ಲರ್, ಕಾಲಿಗೆ ಕ್ಯಾನ್ವಾಸ್ ಬೂಟು, ತೊಡೆಯ ಮೇಲೆ ಜಿಪ್ ಕಿತ್ತುಹೋದ ಚೀಲ. ಜಿಪ್ಪಿನ ಕೆಲಸವನ್ನು ಎರಡು ಸೇಫ್ಟಿ ಪಿನ್ನುಗಳು ಮಾಡುತ್ತಿವೆ. ಅವರ ಕಣ್ಣು ಎದುರಿನ ಕಟ್ಟಡದ ಕೆಳಗೆ ಸಾಲಾಗಿ ನಿಂತ ಬೈಕುಗಳ ಮೇಲಿದೆ.

‘ಮೂರನೇ ಬೈಕ್ ನೋಡಿ’ ಎಂದು ನನ್ನ ಕಿವಿಯಲ್ಲಿ ಪಿಸುಗುಡುತ್ತಾರೆ. ‘ಉಳಿದವುಗಳ ಸೀಟಿನ ಮೇಲೆ ಇಬ್ಬನಿ ಹಾಗೇ ಇದೆ. ಅದೊಂದನ್ನ ಒರೆಸಿದಾರೆ. ಅಂದ್ರೆ ಆಸಾಮಿ ಒಂದ್ಸಲ ಕೆಳಗೆ ಬಂದು ಮೇಲೆ ಹೋಗಿದಾನೆ. ಇನ್ನು ಹತ್ತು ನಿಮಿಷ, ಅಷ್ಟೇ.’

ಇವರು ಕೌಟುಂಬಿಕ ನ್ಯಾಯಾಲಯದ ಅಮೀನರು. ನ್ಯಾಯಾಲಯ ಹೊರಡಿಸಿದ ನೋಟಿಸು, ಸಮನ್ಸುಗಳನ್ನು ಮನೆಮನೆಗೆ ಒಯ್ದು, ಯಾರ ಹೆಸರಿಗಿದೆಯೋ ಅವರ ಕೈಗೇ ಕೊಟ್ಟು ಸಹಿ ಹಾಕಿಸಿಕೊಂಡು ಬರುವ ಕೆಲಸ. ವಕೀಲರಿಂದ ಹಿಡಿದು ಗೇಟಿನ ಚಹಾದಂಗಡಿಯವನ ತನಕ ಎಲ್ಲರಿಗೂ ಅವರು ‘ಅಮೀನಕ್ಕ’. ಈವತ್ತಿನ ಆಸಾಮಿ ಒಬ್ಬ ಲಿಫ್ಟ್ ಮೆಕ್ಯಾನಿಕ್. ಹೆಂಡತಿಯಿಂದ ದೂರವಾಗಿ ಎರಡು ವರ್ಷ. ಆರು ವರ್ಷದ ಮಗಳು ತಾಯಿಯ ಜೊತೆಗಿದ್ದಾಳೆ. ಮಗುವಿಗೆ ಜೀವನಾಂಶ ಕೊಡಿಸಿ ಎಂದು ತಾಯಿ ಅರ್ಜಿ ಹಾಕಿ ಹದಿನಾಲ್ಕು ತಿಂಗಳಾಯಿತು. ನೋಟಿಸು ಅವನ ಕೈ ಸೇರುವ ತನಕ ಆ ಅರ್ಜಿ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಅಮೀನಕ್ಕ ಇಲ್ಲಿಗೆ ಬಂದದ್ದು ಇದು ಒಂಬತ್ತನೇ ಸಲ. ಎಂಟು ಸಲವೂ ಅವನ ಅಕ್ಕ ಮೂರನೇ ಮಹಡಿಯ ಬಾಲ್ಕನಿಯಿಂದ ಕೆಳಗೆ ಬಗ್ಗಿ, ‘ಅವನು ಇಲ್ಲಿಲ್ಲ, ಮನೆ ಬಿಟ್ಟು ಹೋಗಿ ವರ್ಷ ಆಯ್ತು’ ಎಂದು ಹೇಳಿ ಕಳಿಸಿದ್ದಾರೆ.

ಹೆಲ್ಮೆಟ್ ಹಾಕಿದ ವ್ಯಕ್ತಿ ಹೊರಗೆ ಬರುತ್ತಾನೆ. ಕೈಯಲ್ಲಿ ಸಾಮಾನಿನ ಪೆಟ್ಟಿಗೆ. ಅಮೀನಕ್ಕ ಎದ್ದು ರಸ್ತೆ ದಾಟುತ್ತಾರೆ. ಓಡುವುದಿಲ್ಲ, ಹಾಲು ತರಲು ಹೊರಟವರ ಹಾಗೆ ನಿಧಾನಕ್ಕೆ ನಡೆಯುತ್ತಾರೆ. ಅವನ ಹೆಸರು ಹಿಡಿದೂ ಕೂಗುವುದಿಲ್ಲ.

‘ಬಟ್ಲು ಅಪ್ಪ ಅಲ್ವಾ ನೀವು?’

ಬಟ್ಲು ಅನ್ನುವುದು ಮಗಳ ಅಡ್ಡಹೆಸರು. ಬಟ್ಟಲುಗಣ್ಣಿನ ಹುಡುಗಿಗೆ ಮನೆಯವರು ಇಟ್ಟದ್ದು, ಕೋರ್ಟಿನಲ್ಲಿ ತಾಯಿ ಕರೆಯುವಾಗ ಅಮೀನಕ್ಕನ ಕಿವಿಗೆ ಬಿದ್ದದ್ದು.

‘ಹೌದು’ ಎಂದು ಅವನ ಬಾಯಿಂದ ಬಂದೇಬಿಡುತ್ತದೆ. ಆಮೇಲೆ ಹೆಲ್ಮೆಟ್ಟಿನ ಗಾಜು ಮೇಲೆತ್ತುತ್ತಾನೆ. ‘ಯಾಕೆ? ಏನಾಯ್ತು ಅವಳಿಗೆ?’

ಆ ಮುಖದಲ್ಲಿ ನಿಜವಾದ ಹೆದರಿಕೆ ಇದೆ. ಅಮೀನಕ್ಕ ಅದನ್ನು ಕಂಡು, ಕಣ್ಣು ತಗ್ಗಿಸಿ ಚೀಲದ ಪಿನ್ನು ಬಿಚ್ಚುತ್ತಾರೆ. ‘ಅವಳಿಗೇನೂ ಆಗಿಲ್ಲಪ್ಪ, ಚೆನ್ನಾಗಿದಾಳೆ. ಇದು ಕೋರ್ಟಿಂದ ಬಂದಿದ್ದು. ಇಲ್ಲೊಂದು ಸಹಿ ಹಾಕಿ.’

ಹೆದರಿಕೆ ಇಳಿದ ಜಾಗಕ್ಕೆ ಸಿಟ್ಟು ಬರಲು ತಡವಾಗುವುದಿಲ್ಲ. ‘ಮಗು ಹೆಸರು ಹೇಳಿ ಹಿಡೀತೀರಾ? ನಾಚಿಕೆ ಆಗಲ್ವಾ ನಿಮಗೆ, ಇಷ್ಟು ವಯಸ್ಸಾಗಿದೆ?’ ಅಷ್ಟರಲ್ಲಿ ಮೂರನೇ ಮಹಡಿಯ ಬಾಲ್ಕನಿಯಿಂದ ದನಿ ಕೇಳುತ್ತದೆ. ‘ಸಹಿ ಹಾಕ್ಬೇಡ್ವೋ! ಮೇಲೆ ಬಾ!’

ಅಮೀನಕ್ಕ ಕತ್ತು ಎತ್ತುತ್ತಾರೆ. ‘ಅವರು ಇಲ್ಲಿಲ್ಲ ಅಂದಿದ್ರಲ್ಲಮ್ಮ, ಯಾರನ್ನ ಮೇಲೆ ಕರೀತಾ ಇದೀರಿ?’

ಬೈಕಿನ ಸೀಟಿನ ಮೇಲೆ ಕಾಗದ ಇಟ್ಟು ಅವನು ಸಹಿ ಗೀಚುತ್ತಾನೆ. ‘ದುಡ್ಡು ಬೇಕಂತಾ ಅವಳಿಗೆ? ಆಯ್ತು. ನಾನು ಮಗೂನೇ ಕೇಳ್ತೀನಿ. ನೋಡ್ತಾ ಇರಿ.’ ಬೈಕು ಹೊಗೆ ಉಗುಳಿ ತಿರುವಿನಲ್ಲಿ ಮರೆಯಾಗುತ್ತದೆ. ಅಮೀನಕ್ಕ ಮತ್ತೆ ಮೆಟ್ಟಿಲ ಮೇಲೆ ಕೂತು, ಮೊಣಕಾಲನ್ನೇ ಮೇಜು ಮಾಡಿಕೊಂಡು, ನೋಟಿಸಿನ ಹಿಂಬದಿಯಲ್ಲಿ ಷರಾ ಬರೆಯುತ್ತಾರೆ. ಎಷ್ಟು ಗಂಟೆಗೆ, ಎಲ್ಲಿ, ಯಾರ ಕೈಗೆ ಕೊಟ್ಟೆ ಎಂಬ ಮೂರು ಸಾಲು. ನ್ಯಾಯಾಧೀಶರು ನಂಬುವುದು ಈ ಮೂರು ಸಾಲನ್ನೇ.

ಕಳೆದೊಂದು ವರ್ಷದಲ್ಲಿ ಹತ್ತಾರು ಬೆಳಗುಗಳನ್ನು ನಾನು ಅಮೀನಕ್ಕನ ಹಿಂದೆ ಅಲೆದು ಕಳೆದಿದ್ದೇನೆ. ಅವರ ದಿನ ನಾಲ್ಕೂಕಾಲಿಗೆ ಶುರು. ಒಂದು ಲೋಟ ಚಹಾ, ಎರಡು ಚೂರು ಬ್ರೆಡ್ಡು, ಮೊದಲ ಬಸ್ಸು. ಬೆಳಗಿನ ಸುತ್ತು ಮುಗಿಸಿ ಹತ್ತಕ್ಕೆ ಕಚೇರಿ, ಅಲ್ಲಿ ಹಿಂದಿನ ದಿನದ ಕಾಗದಗಳನ್ನು ಒಪ್ಪಿಸಿ ಹೊಸ ಕಟ್ಟು ತೆಗೆದುಕೊಂಡು ಮತ್ತೆ ಬೀದಿಗೆ. ತಿಂಗಳಿಗೆ ಎಪ್ಪತ್ತರಿಂದ ಎಂಬತ್ತು ನೋಟಿಸು. ಅದರಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳಿಗೆ ಸಂಬಂಧಪಟ್ಟವು: ಮಗು ಯಾರ ಹತ್ತಿರ ಇರಬೇಕು, ಅದರ ಖರ್ಚು ಯಾರು ನೋಡಿಕೊಳ್ಳಬೇಕು, ಭಾನುವಾರ ಯಾರ ಮನೆಯಲ್ಲಿ ಕಳೆಯಬೇಕು. ಒಂದೇ ಸಲಕ್ಕೆ ಕೈ ಸೇರುವ ನೋಟಿಸು ಹತ್ತರಲ್ಲಿ ನಾಲ್ಕು. ಉಳಿದದ್ದಕ್ಕೆ ಎರಡನೇ ಸಲ, ಮೂರನೇ ಸಲ. ದಿನಕ್ಕೆ ಸರಾಸರಿ ಇನ್ನೂರು ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡೇ ಮನೆಯಿಂದ ಹೊರಡುವುದು.

ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಎರಡು ಸಲ ನಾಯಿ ಕಚ್ಚಿದೆ. ಒಬ್ಬಾಕೆ ಮಹಡಿಯಿಂದ ನೆಲ ಒರೆಸಿದ ನೀರು ಸುರಿದಿದ್ದಾಳೆ. ಒಬ್ಬ ಡಾಕ್ಟರು ತಾನು ಡಾಕ್ಟರಲ್ಲ, ಕಾಂಪೌಂಡರ್ ಎಂದು ಹೇಳಿ ತಪ್ಪಿಸಿಕೊಂಡಿದ್ದಾರೆ. ಒಬ್ಬ ಮಹಾಶಯ ಬಾಗಿಲು ತೆರೆದು, ‘ಅವನು ಸತ್ತುಹೋದ’ ಎಂದು ತನ್ನದೇ ಸಾವಿನ ಸುದ್ದಿ ಹೇಳಿದ್ದಾನೆ. ‘ಅಯ್ಯೋ ಪಾಪ, ಯಾವಾಗ ಅಂತ ಕೇಳ್ದೆ. ಮುಖ ತೊಳೆದು ಟವೆಲ್ ಹೆಗಲ ಮೇಲೆ ಹಾಕ್ಕೊಂಡಿದ್ದ. ಮೊನ್ನೆ ಅಂದ’ ಎಂದು ಅಮೀನಕ್ಕ ನಗುತ್ತಾರೆ. ನಗು ಬೇಗ ನಿಲ್ಲುತ್ತದೆ. ‘ನಮ್ಮನ್ನ ನೋಡಿ ಖುಷಿ ಪಡೋರು ಯಾರೂ ಇಲ್ಲ. ತಂಗಿ ಮನೆಗೆ ಸುಮ್ನೆ ಹೋಗಿ ಬರೋಣ ಅಂದ್ರೂ ಅಕ್ಕಪಕ್ಕದವರು ಅವಳ ಸಂಸಾರದಲ್ಲಿ ಏನೋ ಆಗಿದೆ ಅಂತ ಮಾತಾಡ್ಕೋತಾರೆ. ಬರೋದಿದ್ರೆ ಆ ಚೀಲ ಬಿಟ್ಟು ಬಾರಕ್ಕ ಅಂತಾಳೆ ಅವಳು.’

ಈ ಕೆಲಸದಲ್ಲಿ ಒಂದು ಸುಲಭದ ದಾರಿಯಿದೆ. ನಾಲ್ಕನೇ ಮಹಡಿಗೆ ಹತ್ತುವ ಬದಲು ಕೆಳಗೇ ಚಹಾ ಕುಡಿದು, ‘ಬಾಗಿಲಿಗೆ ಬೀಗ ಹಾಕಿದೆ, ಆಸಾಮಿ ಸಿಗಲಿಲ್ಲ’ ಎಂದು ಷರಾ ಬರೆದು ವಾಪಸ್ಸು ಮಾಡುವುದು. ಯಾರೂ ಕೇಳುವುದಿಲ್ಲ. ಅಮೀನಕ್ಕ ಆ ಸಾಲನ್ನು ಬರೆದಿರುವುದು ನಿಜವಾಗಿ ಬೀಗ ಕಂಡಾಗ ಮಾತ್ರ. ಅಂಥ ಸಲ ಬೀಗದ ಬಣ್ಣವನ್ನೂ ಬರೆಯುತ್ತಾರೆ ಎಂದು ಅವರ ಸಹೋದ್ಯೋಗಿಗಳು ತಮಾಷೆ ಮಾಡುತ್ತಾರೆ. ಇಷ್ಟು ಹಟ ಯಾಕೆ ಎಂದು ನಾನು ಕೇಳಿದ್ದು ಬಸ್ಸಿನಲ್ಲಿ. ಅವರು ಕಿಟಕಿಯ ಕಡೆ ತಿರುಗಿ ಕೂತೇ ಹೇಳಿದರು.

ಆಗ ಅವರಿಗೆ ಇಪ್ಪತ್ನಾಲ್ಕು ವರ್ಷ. ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಗಂಡ ಬಸ್ ಡಿಪೋದಲ್ಲಿ ಫಿಟ್ಟರ್. ಮಗಳಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಅವನು ಬೇರೆಯಾಗಿ ತನ್ನ ತಾಯಿಯ ಮನೆ ಸೇರಿದ. ಅಮೀನಕ್ಕ ಮಗುವಿನ ಜೀವನಾಂಶಕ್ಕೆ ಅರ್ಜಿ ಹಾಕಿದರು. ನೋಟಿಸು ಹೋಯಿತು, ವಾಪಸ್ಸು ಬಂತು. ‘ಬಾಗಿಲಿಗೆ ಬೀಗ ಹಾಕಿದೆ.’ ಮತ್ತೆ ಹೋಯಿತು, ಮತ್ತೆ ಬಂತು. ಒಂದು ವರ್ಷ ಎಂಟು ತಿಂಗಳಲ್ಲಿ ಏಳು ಸಲ.

‘ಬೀಗ ಎಲ್ಲಿತ್ತು? ನಾನೇ ಎದುರು ಕಟ್ಟಡದ ತಾರಸಿ ಹತ್ತಿ ನೋಡಿದೀನಿ. ಕಿಟಕಿ ತೆಗೆದಿರೋದು, ಒಳಗೆ ಕೂತು ಊಟ ಮಾಡ್ತಿರೋನು. ವಕೀಲರಿಗೆ ಹೇಳಿದ್ರೆ, ಷರಾ ಹೀಗಿದೆ, ಏನು ಮಾಡೋಕಾಗುತ್ತಮ್ಮ ಅನ್ನೋರು.’

ಆ ನಡುವೆ ಅವರಿಗೆ ಕಾಮಾಲೆ ಬಂತು. ಎರಡು ತಿಂಗಳು ಹಾಸಿಗೆ ಹಿಡಿದರು. ಕಾರ್ಖಾನೆಯವರು ಬೇರೆಯವರನ್ನು ಸೇರಿಸಿಕೊಂಡರು. ಬಾಡಿಗೆ ನಿಂತಿತು, ಮಗುವಿನ ಹಾಲೂ ನಿಂತಿತು. ಒಂದು ಮಧ್ಯಾಹ್ನ ಅವರೇ ಮಗಳ ಕೈ ಹಿಡಿದು ಅತ್ತೆಯ ಮನೆಗೆ ಕರೆದೊಯ್ದರು. ‘ಎರಡು ತಿಂಗಳು ಅತ್ತೇ, ಮೈ ನೆಟ್ಟಗಾಗ್ತಿದ್ದ ಹಾಗೆ ಕರ್ಕೊಂಡು ಹೋಗ್ತೀನಿ ಅಂದೆ. ಅವರು ಆಯ್ತು ಅಂದ್ರು. ಮಗೂಗೆ ಜಡೆ ಹಾಕಿ ಬಿಟ್ಟು ಬಂದೆ.’

ಎರಡು ತಿಂಗಳಾದ ಮೇಲೆ ಅತ್ತೆ ಬಾಗಿಲು ತೆರೆಯಲಿಲ್ಲ. ಮಗುವನ್ನು ತನ್ನ ಸುಪರ್ದಿಗೆ ಕೊಡಿ ಎಂದು ಗಂಡ ಅರ್ಜಿ ಹಾಕಿದ. ಆ ನೋಟಿಸು ಮಾತ್ರ ಮೊದಲ ಸಲಕ್ಕೇ ಇವರ ಕೈ ಸೇರಿತು. ತಾಯಿಗೆ ಆದಾಯವಿಲ್ಲ, ತಾನಾಗಿ ಮಗುವನ್ನು ಬಿಟ್ಟುಹೋಗಿದ್ದಾಳೆ, ಮಗು ಆ ಮನೆಗೆ ಹೊಂದಿಕೊಂಡಿದೆ ಎಂದು ನ್ಯಾಯಾಲಯ ಕಂಡುಕೊಂಡಿತು. ತಿಂಗಳಿಗೊಂದು ಭಾನುವಾರ ನೋಡಲು ಅವಕಾಶ ಸಿಕ್ಕಿತು. ಐದು ವರ್ಷ ತಪ್ಪದೆ ಹೋದರು. ಆಮೇಲೆ ಗಂಡನಿಗೆ ದೂರದ ಊರಿಗೆ ವರ್ಗವಾಯಿತು.

ಅದೇ ನ್ಯಾಯಾಲಯದಲ್ಲಿ ಕಸ ಗುಡಿಸುವ ದಿನಗೂಲಿ ಕೆಲಸ ಸಿಕ್ಕಿದ್ದು ಅವರಿಗೆ ಇಪ್ಪತ್ತೆಂಟಾದಾಗ. ಹಳೆ ಕಡತಗಳ ಕೋಣೆ ಗುಡಿಸುತ್ತ ಒಂದು ದಿನ ತಮ್ಮದೇ ಕಡತ ಹುಡುಕಿ ತೆಗೆದರು. ಏಳು ಷರಾಗಳೂ ಒಂದೇ ಕೈಬರಹ. ಆ ಅಮೀನರು ಇನ್ನೂ ಕೆಲಸದಲ್ಲಿದ್ದರು. ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ, ಎಲ್ಲರೊಡನೆ ಸಲಿಗೆ.

‘ಕೇಳಬೇಕು ಅಂತ ಹೋದೆ. ಕೇಸಿನ ನಂಬರ್ ಹೇಳ್ದೆ. ನೆನಪಿಲ್ಲಮ್ಮ ಅಂದ್ರು. ನಿಜವಾಗ್ಲೂ ನೆನಪಿರ್ಲಿಲ್ಲ. ನನಗೆ ಚಹಾ ಕೊಡಿಸಿದ್ರು. ಲಂಚ ತಗೊಂಡಿದ್ರೆ ಬೈಬಹುದಿತ್ತು. ಅದೂ ಇಲ್ಲ. ಆ ಮನೆ ನಾಲ್ಕನೇ ಮಹಡಿಯಲ್ಲಿತ್ತು. ಅವರಿಗೆ ಮೆಟ್ಟಿಲು ಹತ್ತೋಕೆ ಬೇಜಾರಿತ್ತು, ಅಷ್ಟೇ.’

ಮೂವತ್ನಾಲ್ಕನೇ ವಯಸ್ಸಿನಲ್ಲಿ ಹತ್ತನೇ ತರಗತಿ ಪಾಸು ಮಾಡಿದರು. ಕಚೇರಿಯ ಒಳಪರೀಕ್ಷೆಗೆ ಎರಡು ಸಲ ಕೂತು, ಮೂವತ್ತೆಂಟಕ್ಕೆ ಅಮೀನರಾದರು. ಇಷ್ಟು ಹೇಳುವಷ್ಟರಲ್ಲಿ ನಮ್ಮ ನಿಲ್ದಾಣ ಬಂತು. ‘ಇಳೀರಿ, ಇಳೀರಿ, ಎಂಟು ಗಂಟೆಗೆ ಒಬ್ಬ ಟೀಚರ್ ಮನೆ ಬಿಡ್ತಾರೆ’ ಎಂದು ನನಗಿಂತ ಮೊದಲೇ ಇಳಿದುಬಿಟ್ಟರು.

ಲಿಫ್ಟ್ ಮೆಕ್ಯಾನಿಕ್ ಸಹಿ ಹಾಕಿದ ಏಳನೇ ವಾರ, ಅಮೀನಕ್ಕನ ಕಟ್ಟಿನಲ್ಲಿ ಒಂದು ನೋಟಿಸು ಬರುತ್ತದೆ. ಹೇಳಿದ ಮಾತು ಅವನು ನಡೆಸಿದ್ದಾನೆ. ಮಗಳನ್ನು ತನ್ನ ಸುಪರ್ದಿಗೆ ಕೊಡಬೇಕೆಂದು ಅರ್ಜಿ. ತಾಯಿ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಲಾಂಡ್ರಿಯಲ್ಲಿ ದುಡಿಯುತ್ತಾಳೆ, ಆರು ವರ್ಷದ ಮಗು ಒಂಟಿಯಾಗಿ ಎದ್ದು ಒಂಟಿಯಾಗಿ ಶಾಲೆಗೆ ಹೊರಡುತ್ತದೆ, ತನ್ನ ಮನೆಯಲ್ಲಿ ನೋಡಿಕೊಳ್ಳಲು ಅಕ್ಕ ಇದ್ದಾರೆ ಎಂಬುದು ಅವನ ವಾದ. ಈ ಬಾರಿ ನೋಟಿಸು ಮುಟ್ಟಬೇಕಾದದ್ದು ಬಟ್ಲುವಿನ ತಾಯಿಗೆ.

‘ಕೊಡಕ್ಕ ಇಲ್ಲಿ, ನಾನು ಹೋಗಿ ಬರ್ತೀನಿ’ ಎಂದು ಸಹೋದ್ಯೋಗಿಯೊಬ್ಬ ಕೈ ಚಾಚುತ್ತಾನೆ. ಅಮೀನಕ್ಕ ಕೊಡುವುದಿಲ್ಲ. ‘ಇವನು ಬಾಗಿಲಲ್ಲಿ ನಿಂತು ಇಡೀ ಬೀದಿಗೆ ಕೇಳೋ ಹಾಗೆ ಓದ್ತಾನೆ’ ಎಂದು ಹೊರಗೆ ಬಂದ ಮೇಲೆ ನನಗೆ ಹೇಳುತ್ತಾರೆ. ಮರುದಿನ ಲಾಂಡ್ರಿಗೆ ವಾರದ ರಜೆ, ಅಂದು ಬೆಳಿಗ್ಗೆಯೇ ಹೋಗುವುದೆಂದು ತೀರ್ಮಾನವಾಗುತ್ತದೆ. ಆ ದಿನ ನಾನೂ ಜೊತೆಗಿದ್ದೆ.

ಹೋಟೆಲುಗಳ ಹಾಸುಬಟ್ಟೆ ಒಗೆದು ಇಸ್ತ್ರಿ ಮಾಡುವ ಲಾಂಡ್ರಿ ಅದು. ಹಿಂಭಾಗದ ಕಬ್ಬಿಣದ ಮೆಟ್ಟಿಲು ಹತ್ತಿದರೆ ಒಂದೇ ಕೋಣೆಯ ಮನೆ. ರಜೆಯ ದಿನವೂ ಗೋಡೆಗೆ ಕೈ ಇಟ್ಟರೆ ಬೆಚ್ಚಗಿರುತ್ತದೆ. ಕಿಟಕಿಗೆ ಕಟ್ಟಿದ ಹಗ್ಗದಲ್ಲಿ ಶಾಲೆಯ ಒಂದು ಜೊತೆ ಕಾಲುಚೀಲ. ಬಾಗಿಲು ತೆರೆದ ತಾಯಿಗೆ ಮೂವತ್ತರ ಆಸುಪಾಸು; ಬಲಗೈಯ ಮೇಲೆ ಇಸ್ತ್ರಿಪೆಟ್ಟಿಗೆ ತಾಗಿದ ಹಳೆ ಕಲೆಗಳು. ಅಮೀನಕ್ಕನನ್ನು ಕಂಡು ಅವರ ಮುಖ ಅರಳುತ್ತದೆ.

‘ಬನ್ನಿ ಅಕ್ಕ, ಬನ್ನಿ! ಏನಾದ್ರೂ ಆಯ್ತಾ? ದುಡ್ಡು ಕೊಡ್ತಾನಂತಾ?’

ಹಾಸಿಗೆಯ ಮೇಲೆ ಕೂತು ಬೂಟಿನ ದಾರದ ಜೊತೆ ಹೆಣಗುತ್ತಿದ್ದ ಬಟ್ಲು ಎದ್ದು ಬರುತ್ತಾಳೆ. ಒಂದನೇ ತರಗತಿ. ಕಂಡಕಂಡ ಅಕ್ಷರವನ್ನೆಲ್ಲ ಓದುವ ಹುರುಪು. ಅಮೀನಕ್ಕನ ಕೈಯಲ್ಲಿದ್ದ ಕಾಗದಕ್ಕೆ ಮುಖ ತಾಗಿಸಿ, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸುತ್ತಾಳೆ.

‘ಅಮ್ಮಾ! ಇಲ್ಲಿ ನೋಡು, ನನ್ನ ಹೆಸರು! ಶಾಲೆ ಹೆಸರು, ಪೂರ್ತಿ ಹೆಸರು! ಕೋರ್ಟಿನೋರು ನನ್ನ ಹೆಸರು ಬರೆದಿದಾರೆ!’

ತಾಯಿ ಕಾಗದ ತೆಗೆದುಕೊಳ್ಳುತ್ತಾರೆ. ಮೊದಲು ನಿಂತು ಓದುತ್ತಾರೆ. ಆಮೇಲೆ ಬಾಗಿಲ ಚೌಕಟ್ಟಿಗೆ ಒರಗಿ ಮತ್ತೊಮ್ಮೆ ಓದುತ್ತಾರೆ. ಮಗಳು ಇನ್ನೂ ಸಂಭ್ರಮದಲ್ಲಿದ್ದಾಳೆ, ಎಷ್ಟು ಸಲ ಬರೆದಿದ್ದಾರೆ ಎಂದು ಎಣಿಸಬೇಕು ಅವಳಿಗೆ.

‘ಅಕ್ಕ’ ಎಂದು ತಾಯಿ ದನಿ ತಗ್ಗಿಸುತ್ತಾರೆ. ‘ನಾನು ಸಿಗಲಿಲ್ಲ ಅಂತ ಬರೀರಿ.’

ಅಮೀನಕ್ಕ ಚೀಲದಿಂದ ಪೆನ್ನು ತೆಗೆಯುತ್ತಾರೆ.

‘ಬಾಗಿಲಿಗೆ ಬೀಗ ಇತ್ತು ಅಂತ ಬರೀರಿ ಅಕ್ಕ. ಯಾರು ಬಂದು ನೋಡ್ತಾರೆ? ಒಂದು ತಿಂಗಳು ಸಿಕ್ಕಿದ್ರೆ ಸಾಕು. ಇವಳನ್ನ ಕರ್ಕೊಂಡು ಎಲ್ಲಾದ್ರೂ ಹೋಗಿಬಿಡ್ತೀನಿ. ನಿಮ್ಮ ಕಾಲು ಹಿಡ್ಕೋತೀನಿ.’

‘ಹೋಗಬೇಡ ಮಗಳೇ. ಹೋದ್ರೆ ನೀನಿಲ್ಲದೇ ಕೇಸು ನಡೆದುಬಿಡುತ್ತೆ. ಎದುರಿಗೆ ಇಲ್ಲದೋಳ ಪರವಾಗಿ ಅಲ್ಲಿ ಯಾರೂ ಬಾಯಿ ಬಿಡಲ್ಲ. ತಗೋ. ಸಹಿ ಹಾಕು. ಹೋಗಿ ನಿಂತ್ಕೋ. ನಿನಗೆ ವಕೀಲರು ಬೇಕಿದ್ರೆ ಬಿಟ್ಟಿಯಾಗಿ ಕೊಡ್ತಾರೆ, ಯಾವ ಕೋಣೆ ಅಂತ ನಾನು ತೋರಿಸ್ತೀನಿ.’

‘ನೀವು ಇವಳ ಹೆಸರು ಹೇಳಿ ಅವನನ್ನ ಹಿಡಿದ್ರಂತೆ.’ ತಾಯಿ ಮಗಳನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಾರೆ. ‘ಫೋನ್ ಮಾಡಿ ಬೈದ. ಮಗೂಗೇನೋ ಆಗಿದೆ ಅಂತ ಎದೆ ಒಡೆದುಹೋಯ್ತು, ಅದಕ್ಕೇ ಮಗು ನನ್ನ ಹತ್ರಾನೇ ಇರ್ಲಿ ಅಂತ ಹಟ ಮಾಡ್ತಿದೀನಿ ಅಂದ. ಬರೀ ಬಾಯಿಮಾತು ಅಂದ್ಕೊಂಡಿದ್ದೆ. ನೀವು ಅವತ್ತು ಸುಮ್ನಿದ್ದಿದ್ರೆ ಇದು ಬರ್ತಾ ಇತ್ತಾ ಅಕ್ಕ?’

ತಾಯಿ ಸಹಿ ಹಾಕುತ್ತಾರೆ. ಕಾಗದವನ್ನು ಅಮೀನಕ್ಕನ ಕೈಗೆ ಕೊಡದೆ ಹೊಸ್ತಿಲ ಮೇಲಿಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ. ಒಳಗಿನಿಂದ ಬಟ್ಲು ಕೇಳುವುದು ನಮಗೆ ಕೇಳಿಸುತ್ತದೆ. ‘ಅಮ್ಮ, ಅಜ್ಜಿ ಯಾಕೆ ಹೋದ್ರು? ನಾನಿನ್ನೂ ಎಣಿಸಿರಲಿಲ್ಲ.’

ಕಬ್ಬಿಣದ ಮೆಟ್ಟಿಲ ಮೇಲೆ ಕೂತು ಮೂರು ಸಾಲಿನ ಷರಾ ಬರೆಯಲು ಅಮೀನಕ್ಕನಿಗೆ ಅವತ್ತು ಇಪ್ಪತ್ತು ನಿಮಿಷ ಹಿಡಿಯಿತು. ‘ಅವತ್ತು ನನ್ನ ಕಣ್ಣೆದುರೇ ಅವನ ಮುಖ ಬಿಳಿಚಿಕೊಳ್ತು’ ಎಂದರು ಕಾಗದ ಮಡಚುತ್ತ. ‘ಹೆಸರು ಹಿಡಿದು ಕೇಳಿದ್ರೆ ಎಲ್ಲರೂ ಸುಳ್ಳು ಹೇಳ್ತಾರೆ, ಮಗು ಹೆಸರು ಹೇಳಿದ್ರೆ ಬಾಯಿ ಜಾರುತ್ತೆ. ಇದು ನಾನೇ ಕಂಡುಹಿಡ್ಕೊಂಡ ಉಪಾಯ. ಹೊಸಬರಿಗೂ ಹೇಳಿಕೊಟ್ಟಿದ್ದೆ. ಏನೋ ದೊಡ್ಡ ಜಾಣತನ ಅಂದ್ಕೊಂಡಿದ್ದೆ.’ ಆ ದಿನದಿಂದ ಇವತ್ತಿನ ತನಕ ಅವರು ಯಾವ ಮಗುವಿನ ಹೆಸರನ್ನೂ ಬೀದಿಯಲ್ಲಿ ಕೂಗಿಲ್ಲ. ತಿಂಗಳಿಗೆ ಐದಾರು ನೋಟಿಸು ಹೆಚ್ಚಿಗೆ ಬಾಕಿ ಉಳಿಯುತ್ತವೆ. ಮೇಲಿನವರು ಕಾರಣ ಕೇಳಿ ಒಂದು ಮೆಮೊ ಕೊಟ್ಟಿದ್ದಾರೆ. ‘ಕೊಡ್ಲಿ’ ಎನ್ನುತ್ತಾರೆ.

ಕೇಸು ಐದು ತಿಂಗಳು ನಡೆಯಿತು. ತಾಯಿ ಪ್ರತಿ ತಾರೀಕಿಗೂ ಬಂದರು. ಬಂದ ದಿನ ಲಾಂಡ್ರಿಯಲ್ಲಿ ಸಂಬಳವಿಲ್ಲ. ಬಿಟ್ಟಿ ವಕೀಲರ ಕೋಣೆಯನ್ನು ಅಮೀನಕ್ಕನೇ ತೋರಿಸಿಕೊಟ್ಟರು; ಆಕೆ ಹಿಂದೆ ಹಿಂದೆ ನಡೆದು ಬಂದರೇ ಹೊರತು ಒಂದು ಮಾತೂ ಆಡಲಿಲ್ಲ. ಕಾರಿಡಾರಿನಲ್ಲಿ ಎದುರಾದರೆ ಮುಖ ತಿರುಗಿಸುವರು. ಬಟ್ಲು ಮಾತ್ರ ಕೈ ಬೀಸುವಳು. ಆಮೇಲೆ ಅಮ್ಮನನ್ನು ನೋಡಿ ಅವಳೂ ಬಿಟ್ಟಳು. ಒಂದು ದಿನ ನ್ಯಾಯಾಧೀಶರು ಮಗುವನ್ನು ತಮ್ಮ ಕೋಣೆಗೆ ಕರೆಸಿಕೊಂಡು ಮಾತಾಡಿಸಿದರು. ಅಪ್ಪ ಒಂದು ಬೆಂಚಿನಲ್ಲಿ, ಅಮ್ಮ ಇನ್ನೊಂದು ಬೆಂಚಿನಲ್ಲಿ. ಇಪ್ಪತ್ತೈದು ನಿಮಿಷದ ನಂತರ ಹೊರಬಂದ ಹುಡುಗಿ ಎರಡೂ ಬೆಂಚಿನ ನಡುವೆ ನಿಂತುಬಿಟ್ಟಳು. ಯಾರ ಕಡೆ ಮೊದಲು ಹೋಗಬೇಕೆಂದು ತಿಳಿಯದೆ ಅಲ್ಲೇ ಚಡ್ಡಿ ಒದ್ದೆ ಮಾಡಿಕೊಂಡಳು. ನೆಲ ಒರೆಸುವವರು ಬರುವ ತನಕ ಕಾಯದೆ ಅಮೀನಕ್ಕನೇ ಬಟ್ಟೆ ತಂದು ಒರೆಸಿದರು. ‘ಗುಡಿಸೋ ಕೆಲಸ ನನಗೆ ಮರೆತಿಲ್ಲ’ ಎಂದರು ನನಗೆ, ತಲೆ ಎತ್ತದೆ.

ತೀರ್ಪು ಬಂತು. ಹನ್ನೆರಡು ತುಂಬುವವರೆಗೆ ಮಗಳು ತಾಯಿಯ ಬಳಿಯೇ ಇರಬೇಕು. ಎರಡು ವಾರಕ್ಕೊಮ್ಮೆ ಶನಿವಾರ ಬೆಳಿಗ್ಗೆ ತಂದೆ ಕರೆದೊಯ್ದು ಭಾನುವಾರ ಸಂಜೆ ತಂದು ಬಿಡಬೇಕು. ತಂದೆಯ ಸಂಬಳದ ನಾಲ್ಕನೇ ಒಂದು ಪಾಲು ತಿಂಗಳು ತಿಂಗಳು ಮಗುವಿಗೆ ಸಲ್ಲಬೇಕು. ಕಾಗದದ ಮೇಲೆ ತಾಯಿ ಗೆದ್ದಿದ್ದರು.

ಎರಡು ತಿಂಗಳು ಹಣ ಬಂತು, ಅಪ್ಪನೂ ಬಂದ. ಮೂರನೇ ತಿಂಗಳು ಅವನು ಕೆಲಸ ಬಿಟ್ಟ. ಸಂಬಳವೇ ಇಲ್ಲದ ಮೇಲೆ ನಾಲ್ಕನೇ ಪಾಲು ಎಲ್ಲಿಂದ? ಊರನ್ನೂ ಬಿಟ್ಟ. ಹೇಳದೆ ಬಿಟ್ಟಿದ್ದರಿಂದ ಆ ಶನಿವಾರ ಬಟ್ಲು ಬೆಳಿಗ್ಗೆ ಎಂಟಕ್ಕೇ ಚೀಲ ಬೆನ್ನಿಗೇರಿಸಿ ಕಬ್ಬಿಣದ ಮೆಟ್ಟಿಲ ಮೇಲೆ ಕೂತಳು. ಊಟಕ್ಕೂ ಒಳಗೆ ಹೋಗಲಿಲ್ಲ. ಒಳಗೆ ಹೋದಾಗ ಅಪ್ಪ ಬಂದು ವಾಪಸ್ಸು ಹೋಗಿಬಿಟ್ಟರೆ ಎಂಬ ಭಯ. ಅದರ ಮುಂದಿನ ಸರದಿಗೂ ಕೂತಳು. ಮೂರನೆಯದಕ್ಕೆ ಚೀಲ ಕೈಗೆತ್ತಿಕೊಳ್ಳಲೇ ಇಲ್ಲ.

ಇದನ್ನು ತಾಯಿಯೇ ಬಂದು ಹೇಳಿದ್ದು. ಕಾರಿಡಾರಿನ ಕೊನೆಯಲ್ಲಿ, ಅಮೀನಕ್ಕ ಹೊಸ ಕಟ್ಟು ವಿಂಗಡಿಸುತ್ತಿದ್ದಾಗ ಎದುರಿಗೆ ಬಂದು ನಿಂತರು. ‘ಅಕ್ಕ, ಅವನಿರೋ ಜಾಗ ಗೊತ್ತಾಗಿದೆ. ಬಾಕಿ ವಸೂಲಿಗೆ ಹಾಕಿದೀನಿ. ನೋಟಿಸು ನೀವೇ ತಗೊಂಡು ಹೋಗ್ತೀರಲ್ವಾ?’

ಅದು ಇವರ ಸರಹದ್ದಲ್ಲ. ಬೇರೆ ಊರು, ಬೇರೆ ನ್ಯಾಯಾಲಯ, ಬೇರೆ ಅಮೀನರು. ಅದನ್ನು ಹೇಳಲು ಅಮೀನಕ್ಕನಿಗೆ ಬಾಯಿ ಬರಲಿಲ್ಲ. ‘ಕಳಿಸ್ತಾರಮ್ಮ’ ಎಂದಷ್ಟೇ ಹೇಳಿದರು. ಆಮೇಲೆ ಆ ಊರಿನ ಅಮೀನರ ನಂಬರು ಹುಡುಕಿ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ.

‘ತಮ್ಮಾ, ನಾನು ನಿಮ್ಮ ಹಾಗೇ ಒಬ್ಬ ಅಮೀನಳು. ಒಂದು ನೋಟಿಸು ಬರುತ್ತೆ ನಿಮಗೆ... ಹೌದು, ಜೀವನಾಂಶದ್ದೇ... ದಯವಿಟ್ಟು ಬೆಳಿಗ್ಗೆ ಬೇಗ ಹೋಗಿ, ಆರರ ಒಳಗೆ. ಆಮೇಲೆ ಸಿಗಲ್ಲ ಅವನು... ನಂಗೇನಾಗ್ಬೇಕಾ? ನಂಗೇನೂ ಆಗ್ಬೇಕಾಗಿಲ್ಲಪ್ಪ. ಆರು ವರ್ಷದ ಮಗು ಒಂದಿದೆ, ಅಷ್ಟೇ.’

ಈ ಲೇಖನ ಬರೆಯುವ ಹೊತ್ತಿಗೆ ಆ ನೋಟಿಸು ಎರಡು ಸಲ ವಾಪಸ್ಸು ಬಂದಿದೆ. ಎರಡರ ಮೇಲೂ ಒಂದೇ ಷರಾ: ಆಸಾಮಿ ಸಿಗಲಿಲ್ಲ. ಆ ಅಮೀನರು ಮೆಟ್ಟಿಲು ಹತ್ತಿದರೋ ಇಲ್ಲವೋ ಹೇಳಬಲ್ಲವರು ಯಾರೂ ಇಲ್ಲ. ತಾಯಿ ಲಾಂಡ್ರಿಯಲ್ಲಿ ಎರಡು ಪಾಳಿ ಹಿಡಿದಿದ್ದಾರೆ. ಮಗು ಶಾಲೆ ಮುಗಿದ ಮೇಲೆ ಹಾಸುಬಟ್ಟೆಗಳ ಮೂಟೆಯ ಪಕ್ಕ ಕೂತು ಮನೆಪಾಠ ಬರೆಯುತ್ತದೆ.

ಕಳೆದ ಭಾನುವಾರ ಅಮೀನಕ್ಕನ ಮನೆಗೆ ಹೋಗಿದ್ದೆ. ಎರಡು ಕೋಣೆ, ಒಂದು ಮಂಚ, ನೀರಿನ ಡ್ರಮ್ಮಿನ ಮೇಲೆ ಮಡಚಿಟ್ಟ ಮೊಣಕಾಲಿನ ಪಟ್ಟಿ. ನಿವೃತ್ತಿಗೆ ಇನ್ನು ಮೂರು ವರ್ಷ. ಫೋಟೋ ತೆಗೆಸಿಕೊಳ್ಳಲು ಒಪ್ಪಲಿಲ್ಲ. ‘ನನ್ನ ಮುಖ ಪೇಪರಲ್ಲಿ ಬಂದ್ರೆ ಮಾರನೇ ದಿನದಿಂದ ಒಬ್ಬನೂ ಬಾಗಿಲು ತೆಗೆಯಲ್ಲ’ ಎಂದು ನಕ್ಕರು. ಮಾತಿನ ನಡುವೆ ಫೋನ್ ಬಂತು. ಹೆಸರು ನೋಡಿ ತಟ್ಟನೆ ಎದ್ದು ನಿಂತರು. ಕೈ ಒರೆಸಿಕೊಂಡರು, ಕೂದಲು ಸರಿಮಾಡಿಕೊಂಡರು, ಆಮೇಲೆ ಫೋನ್ ಎತ್ತಿದರು. ಮಾತು ಎರಡು ನಿಮಿಷ ದಾಟಲಿಲ್ಲ. ಚೆನ್ನಾಗಿದೀನಿ, ಮಾತ್ರೆ ತಗೋತಾ ಇದೀನಿ, ಚಳಿ ಅಷ್ಟೇನಿಲ್ಲ.

ಕರೆ ಮಾಡಿದ್ದು ಮಗಳು. ಈಗ ಆಕೆಗೆ ಮೂವತ್ತೈದು. ದೂರದ ಊರಿನಲ್ಲಿ ಬ್ಯಾಂಕ್ ನೌಕರಿ. ಇಪ್ಪತ್ತರ ವಯಸ್ಸಿನಲ್ಲಿ ತಾನಾಗಿ ವಿಳಾಸ ಹುಡುಕಿಕೊಂಡು ಬಂದಿದ್ದಳಂತೆ. ಅಂದಿನಿಂದ ತಿಂಗಳಿಗೊಂದು ಫೋನು. ಒಂದು ತಿಂಗಳೂ ತಪ್ಪಿಸಿಲ್ಲ.

‘ಅದೃಷ್ಟವಂತರು ನೀವು’ ಎಂದೆ. ಏನಾದರೂ ಹೇಳಬೇಕಲ್ಲ ಎಂದು ಹೇಳಿದ ಮಾತು ಅದು.

ಅಮೀನಕ್ಕ ಫೋನನ್ನು ಸೆರಗಿನಿಂದ ಒರೆಸಿ ಮಂಚದ ಮೇಲಿಟ್ಟರು.

‘ತುಂಬಾ ಮರ್ಯಾದೆ ಕೊಡ್ತಾಳೆ. ಅಮ್ಮ ಅಂತಾನೇ ಕರೀತಾಳೆ. ಆದ್ರೆ ಅಮ್ಮಾ, ನೀವು ಊಟ ಮಾಡಿದ್ರಾ, ನೀವು ಹುಷಾರಾಗಿದೀರಾ ಅಂತಾಳೆ. ಅವಳ ಅಜ್ಜೀನ, ಸಾಯೋ ತನಕ ನೀನು ಅಂತಾನೇ ಮಾತಾಡಿಸ್ತಿದ್ದಳಂತೆ.’ ಮೊಣಕಾಲಿನ ಪಟ್ಟಿ ಎತ್ತಿ ಮತ್ತೆ ಮಡಚಿದರು. ‘ನನಗೆ ಬೇರೆ ಏನೂ ಬೇಡ. ಒಂದೇ ಒಂದ್ಸಲ ನನ್ನ ಜೊತೆ ಜಗಳ ಆಡ್ಲಿ. ಬಾಯಿಗೆ ಬಂದ ಹಾಗೆ ಬೈಲಿ. ಸಿಟ್ಟು ಬಂದಾಗ್ಲಾದ್ರೂ ನೀನು ಅಂತ ಬರುತ್ತಲ್ವಾ ಬಾಯಲ್ಲಿ?’